ಪಾಯಿಂಟನ್ನು ಪೈಸೆಗೆ ಇಳಿಸಿ ನೋಡಿ: ಸೂಪರ್‌ಮಾರ್ಕೆಟ್ ಲಾಯಲ್ಟಿ ಯೋಜನೆಗಳ ಲೆಕ್ಕಾಚಾರ

ಡೊಂಬಿವಲಿ, ಪುಣೆಯ ಕಾತ್ರಜ್, ಗೋವಾದ ವಾಸ್ಕೋ ಕಡೆಯ ಓದುಗರಿಂದ ವರ್ಷವಿಡೀ ಬರುವ ಪ್ರಶ್ನೆ ಒಂದಿದೆ: ತಿಂಗಳ ದಿನಸಿಗೆ ಯಾವ ಸೂಪರ್‌ಮಾರ್ಕೆಟ್ಟಿನ ಲಾಯಲ್ಟಿ ಯೋಜನೆಗೆ, ಅಂದರೆ ಖರೀದಿಗೆ ಪಾಯಿಂಟ್ ಕೊಟ್ಟು ಗ್ರಾಹಕರನ್ನು ಹಿಡಿದಿಡುವ ಯೋಜನೆಗೆ, ಸದಸ್ಯರಾದರೆ ಹೆಚ್ಚು ಲಾಭ? ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ಐದು ಜನರ ಸಂಸಾರದ ಪಟ್ಟಿಗೂ, ಚೆಂಬೂರಿನಲ್ಲಿ ಕೋಣೆ ಹಿಡಿದು ಒಬ್ಬರೇ ಇರುವವರ ಪಟ್ಟಿಗೂ ಅಜಗಜಾಂತರ. ಆದರೆ ಉತ್ತರ ಕಂಡುಕೊಳ್ಳುವ ದಾರಿ ಎಲ್ಲರಿಗೂ ಒಂದೇ. ಅದನ್ನು ಹಂತಹಂತವಾಗಿ ಇಲ್ಲಿ ವಿವರಿಸಿದ್ದೇನೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಕಳೆದ ಮೂರು ತಿಂಗಳ ಬಿಲ್ಲುಗಳು, ಒಂದು ನೋಟ್‌ಬುಕ್, ಮೊಬೈಲಿನ ಕ್ಯಾಲ್ಕುಲೇಟರ್. ಸೂಪರ್‌ಮಾರ್ಕೆಟ್ಟಿನ ಬಿಲ್ಲು ಥರ್ಮಲ್ ಕಾಗದದ್ದು. ಶಾಯಿಯಿಂದಲ್ಲ, ಶಾಖದಿಂದ ಅಚ್ಚಾಗುವ ಈ ಕಾಗದವನ್ನು ಒಲೆಯ ಮೇಲಿನ ಕಪಾಟಿನಲ್ಲಿ ಇಟ್ಟರೆ ಅಕ್ಷರ ಬೇಗನೆ ಓದಲಾಗದಂತಾಗಬಹುದು. ಆದ್ದರಿಂದ ಮನೆಗೆ ಬಂದ ದಿನವೇ ಫೋಟೋ ತೆಗೆದಿಡಿ.

ಮುಂದೆ ಪದೇ ಪದೇ ಬರುವ ನಾಲ್ಕು ಪದಗಳ ಅರ್ಥವನ್ನು ಮೊದಲೇ ಹೇಳಿಬಿಡುತ್ತೇನೆ. ಎಷ್ಟು ರೂಪಾಯಿಯ ಖರೀದಿಗೆ ಎಷ್ಟು ಪಾಯಿಂಟ್ ಸಿಗುತ್ತದೆ ಎಂಬುದು ಗಳಿಕೆ ದರ. ಆ ಪಾಯಿಂಟನ್ನು ಬಿಲ್ಲಿನಲ್ಲಿ ಕಳೆಯುವಾಗ ಅದಕ್ಕೆ ಸಿಗುವ ಬೆಲೆ ಬಳಕೆ ಮೌಲ್ಯ. ಅಂಗಡಿಯವರ ಭಾಷೆಯಲ್ಲಿ ರಿಡೀಮ್ ವ್ಯಾಲ್ಯೂ. ಪಾಯಿಂಟ್ ಎಷ್ಟು ದಿನ ಜೀವಂತವಾಗಿರುತ್ತದೆ ಎಂಬುದು ವಾಯಿದೆ. ಬಳಸುವ ಮೊದಲು ಕನಿಷ್ಠ ಎಷ್ಟು ಪಾಯಿಂಟ್ ಕೂಡಿರಬೇಕು ಎಂಬುದು ಕನಿಷ್ಠ ಮಿತಿ. ಜಾಹೀರಾತಿನ ಫಲಕದಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಮೊದಲನೆಯದು ಮಾತ್ರ. ಉಳಿದ ಮೂರು ನಿಯಮಗಳ ಪುಟದಲ್ಲಿ ಎಲ್ಲೋ ಕೆಳಗೆ ಇರುತ್ತವೆ.

ಹಂತ 1: ನಿಮ್ಮ ಮನೆಯ ಪಟ್ಟಿಯನ್ನು ಬರೆದುಕೊಳ್ಳಿ

ಮೂರು ತಿಂಗಳ ಬಿಲ್ಲುಗಳನ್ನು ಹರಡಿಕೊಂಡು, ಪ್ರತಿ ತಿಂಗಳೂ ತಪ್ಪದೆ ಬರುವ ಇಪ್ಪತ್ತು ಸಾಮಾನುಗಳನ್ನು ಪ್ರಮಾಣದ ಸಮೇತ ಗುರುತು ಮಾಡಿಕೊಳ್ಳಿ: ಅಕ್ಕಿ, ಗೋಧಿ ಹಿಟ್ಟು, ತೊಗರಿಬೇಳೆ, ಎಣ್ಣೆ, ಸಕ್ಕರೆ, ಚಹಾ ಪುಡಿ, ಬಟ್ಟೆ ಸೋಪು ಹೀಗೆ. ಒಮ್ಮೆ ಮಾತ್ರ ಕೊಂಡ ಬಾಣಲೆ, ಹಬ್ಬಕ್ಕೆ ತಂದ ಒಣಹಣ್ಣಿನ ಡಬ್ಬಿ ಈ ಪಟ್ಟಿಯಲ್ಲಿ ಬೇಡ.

ನಮ್ಮವರ ಪಟ್ಟಿಯಲ್ಲಿ ಇನ್ನೊಂದು ಭಾಗವಿದೆ. ಕುಚ್ಚಲಕ್ಕಿ, ಬ್ಯಾಡಗಿ ಮೆಣಸಿನಕಾಯಿ, ಜೋನಿ ಬೆಲ್ಲ, ಹುರುಳಿ ಮುಂತಾದ ಊರ ಕಡೆಯ ಸಾಮಾನುಗಳನ್ನು ಮುಂಬಯಿಯ ಬಹುತೇಕ ಕನ್ನಡ ಮನೆಗಳು ಮಾಟುಂಗಾದಿಂದಲೋ ಹತ್ತಿರದ ಮಂಗಳೂರು ಸ್ಟೋರ್ಸಿನಿಂದಲೋ ತರುತ್ತವೆ. ಗೋವಾದಲ್ಲಿರುವವರಿಗೆ ಉಕಡೆ ತಾಂದೂಳ್ ಎಂಬ ಹೆಸರಿನಲ್ಲಿ ಕೆಂಪು ಕುಚ್ಚಲಕ್ಕಿ ಅಲ್ಲಿಯೇ ಸಿಗುತ್ತದೆ. ಈ ಭಾಗವನ್ನು ಬೇರೆಯೇ ಬರೆದು, ಸೂಪರ್‌ಮಾರ್ಕೆಟ್ಟಿನ ಲೆಕ್ಕದಿಂದ ಹೊರಗಿಡಿ. ಪಾಯಿಂಟಿನ ಆಸೆಗೆ ಬಿದ್ದು ಬಾಯಿಗೆ ಒಗ್ಗದ ಅಕ್ಕಿಯನ್ನು ಹತ್ತು ಕಿಲೋ ತಂದು ತಿಂಗಳಿಡೀ ಪರಿತಪಿಸುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ.

ಹಂತ 2: ಪಾಯಿಂಟ್ ಮರೆತು, ಬೆಲೆಯನ್ನು ಮೊದಲು ಹೋಲಿಸಿ

ಹೆಚ್ಚಿನವರು ಎಡವುವುದು ಇಲ್ಲಿಯೇ ಆದ್ದರಿಂದ ಈ ಹಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಬಿಲ್ಲಿನ ಅಡಿಯಲ್ಲಿ ‘ನೀವು ಇಂದು ಉಳಿಸಿದ್ದು ₹ 612’ ಎಂಬ ಸಾಲನ್ನು ನೀವೂ ನೋಡಿರುತ್ತೀರಿ. ಅದು ಪೊಟ್ಟಣದ ಮೇಲಿನ ಎಂಆರ್‌ಪಿ, ಅಂದರೆ ಗರಿಷ್ಠ ಚಿಲ್ಲರೆ ಬೆಲೆ, ಹಾಗೂ ಆ ಅಂಗಡಿಯ ಮಾರಾಟ ಬೆಲೆ ಇವೆರಡರ ನಡುವಿನ ಅಂತರ, ಅಷ್ಟೇ. ಒಂದು ಕಿಲೋ ತೊಗರಿಬೇಳೆಯ ಎಂಆರ್‌ಪಿ ₹ 210 ಇದ್ದು, ಅಂಗಡಿ ಅದನ್ನು ₹ 165ಕ್ಕೆ ಕೊಟ್ಟರೆ ಬಿಲ್ಲಿನಲ್ಲಿ ₹ 45 ಉಳಿತಾಯವೆಂದು ಅಚ್ಚಾಗುತ್ತದೆ. ಅಂಥದೇ ಬೇಳೆಯನ್ನು ನಿಮ್ಮ ಕಟ್ಟಡದ ಕೆಳಗಿನ ಕಿರಾಣಿಯವನು ₹ 160ಕ್ಕೆ ತೂಗಿಕೊಡುವುದಾದರೆ ನೀವು ಉಳಿಸಿದ್ದು ಏನೂ ಇಲ್ಲ, ಐದು ರೂಪಾಯಿ ಹೆಚ್ಚೇ ತೆತ್ತಿದ್ದೀರಿ. ಆದ್ದರಿಂದ ಬಿಲ್ಲಿನ ಆ ಸಾಲಿಗೆ ಬೆಲೆ ಕೊಡಬೇಡಿ.

ಹೋಲಿಕೆಗೆ ಆಧಾರ ಕಿಲೋಗೆ ಅಥವಾ ಲೀಟರಿಗೆ ಬೀಳುವ ನಿಜವಾದ ಮಾರಾಟ ಬೆಲೆ. ಈಗ ಪೊಟ್ಟಣಗಳ ಮೇಲೆ ಎಂಆರ್‌ಪಿಯ ಜೊತೆಗೆ ಯೂನಿಟ್ ಸೇಲ್ ಪ್ರೈಸ್, ಅಂದರೆ ಒಂದು ಗ್ರಾಂ ಅಥವಾ ಒಂದು ಕಿಲೋಗೆ ಎಷ್ಟು ಎಂಬುದನ್ನೂ ಮುದ್ರಿಸುತ್ತಾರೆ. ಇದು ಒಳ್ಳೆಯ ನಿಯಮ; ಆದರೆ ಅದನ್ನು ಓದುವಾಗ ಎರಡು ಸಂಗತಿಗಳು ಗಮನದಲ್ಲಿರಬೇಕು. ಮೊದಲನೆಯದಾಗಿ, ಆ ಲೆಕ್ಕ ಎಂಆರ್‌ಪಿಯ ಮೇಲಿನದೇ ಹೊರತು ಅಂಗಡಿಯ ರಿಯಾಯಿತಿ ಬೆಲೆಯ ಮೇಲಿನದಲ್ಲ. ಎರಡನೆಯದಾಗಿ, ಒಂದು ಕಿಲೋಗಿಂತ ಚಿಕ್ಕ ಪೊಟ್ಟಣಗಳಲ್ಲಿ ಅದು ಗ್ರಾಂ ಲೆಕ್ಕದಲ್ಲಿರುತ್ತದೆ. ಗ್ರಾಂಗೆ ₹ 0.17 ಎಂದು ಬರೆದಿದ್ದರೆ, ಪೈಸೆಯನ್ನು ಸರಿಹೊಂದಿಸಿ ಬರೆಯುವುದರಿಂದ, ಕಿಲೋಗೆ ₹ 165ರಿಂದ ₹ 175ರವರೆಗೆ ಏನೂ ಆಗಿರಬಹುದು. ಹತ್ತು ರೂಪಾಯಿಯ ವ್ಯತ್ಯಾಸ ಒಂದೇ ಅಂಕಿಯ ಹಿಂದೆ ಅಡಗಿ ಕುಳಿತಿರುತ್ತದೆ! ಮಾರಾಟ ಬೆಲೆಯನ್ನು ತೂಕದಿಂದ ಭಾಗಿಸಿ ನೀವೇ ಲೆಕ್ಕ ಹಾಕುವುದು ಲೇಸು.

ಎಣ್ಣೆಯ ವಿಷಯದಲ್ಲಂತೂ ಪೌಚನ್ನು ತಿರುಗಿಸಿ ಓದದೆ ಗಾಡಿಗೆ ಹಾಕಬೇಡಿ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕಪಕ್ಕದಲ್ಲಿ ಒಂದೇ ಗಾತ್ರದಂತೆ ಕಾಣುವ ಎರಡು ಪೌಚುಗಳಲ್ಲಿ ಒಂದರಲ್ಲಿ ಪೂರ್ತಿ ಲೀಟರ್ ಇದ್ದು, ಇನ್ನೊಂದರಲ್ಲಿ 800 ಅಥವಾ 850 ಗ್ರಾಂ ಮಾತ್ರ ಇರಬಹುದು. ಅಗ್ಗವೆಂದು ಕಾಣುವುದು ಸಾಮಾನ್ಯವಾಗಿ ಎರಡನೆಯದು.

ಈ ರೀತಿ ಇಪ್ಪತ್ತು ಸಾಮಾನುಗಳ ಬೆಲೆಯನ್ನು ನಿಮಗೆ ಅನುಕೂಲವಾದ ಮೂರು ಕಡೆ ಬರೆದುಕೊಂಡು ಒಟ್ಟು ಹಾಕಿ. ಅಂಗಡಿಗೆ ಹೋಗಿಬರುವ ಖರ್ಚನ್ನೂ ಕೂಡಿಸಿ. ಮುಂಬಯಿಯಲ್ಲಿ ರಿಕ್ಷಾದ ಕನಿಷ್ಠ ಬಾಡಿಗೆ 2025ರ ಫೆಬ್ರವರಿಯಿಂದ ₹ 26 ಆಗಿದೆ. ಹೋಗಿಬರಲು ₹ 52. ಈ ಅಂಕಿಯನ್ನು ನೆನಪಿನಲ್ಲಿಡಿ, ಮುಂದಿನ ಹಂತದಲ್ಲಿ ಬೇಕಾಗುತ್ತದೆ.

ಹಂತ 3: ಪಾಯಿಂಟನ್ನು ಪೈಸೆಗೆ ಇಳಿಸಿ

ಸೂತ್ರ ಸರಳ: ನೂರು ರೂಪಾಯಿ ಖರ್ಚಿಗೆ ಸಿಗುವ ಪಾಯಿಂಟುಗಳನ್ನು ಒಂದು ಪಾಯಿಂಟಿನ ಬಳಕೆ ಮೌಲ್ಯದಿಂದ ಗುಣಿಸಿ. ಬಂದ ಮೊತ್ತವೇ ನೂರಕ್ಕೆ ನಿಮಗೆ ಮರಳಿ ಸಿಗುವ ಹಣ. ಒಂದು ಕಾಲ್ಪನಿಕ ಯೋಜನೆಯನ್ನು ತೆಗೆದುಕೊಳ್ಳೋಣ. ಪ್ರತಿ ₹ 100ಕ್ಕೆ 1 ಪಾಯಿಂಟ್. 4 ಪಾಯಿಂಟಿಗೆ ₹ 1. ಅಂದರೆ ನೂರಕ್ಕೆ 25 ಪೈಸೆ. ತಿಂಗಳಿಗೆ ₹ 6,000 ದಿನಸಿ ಕೊಳ್ಳುವ ಮನೆಗೆ 60 ಪಾಯಿಂಟ್ ಬಂದು, ಅದು ₹ 15 ಆಗುತ್ತದೆ. ಇನ್ನೊಂದು ಅಂಗಡಿಯಲ್ಲಿ ತೊಗರಿಬೇಳೆ ಕಿಲೋಗೆ ಆರು ರೂಪಾಯಿ ಕಡಿಮೆ ಇದ್ದು, ನಿಮಗೆ ಮೂರು ಕಿಲೋ ಬೇಕಾಗುವುದಾದರೆ ಆ ಒಂದೇ ಸಾಮಾನಿನಲ್ಲಿ ₹ 18 ಉಳಿಯಿತು. ತಿಂಗಳ ಪಾಯಿಂಟೆಲ್ಲ ಬೇಳೆಯ ಒಂದು ಡಬ್ಬಿಯಲ್ಲಿ ಮುಳುಗಿಹೋಯಿತು. ಹಾಗೆಂದು ಆ ₹ 18ಕ್ಕಾಗಿ ₹ 52ರ ರಿಕ್ಷಾ ಹಿಡಿದರೆ ಅದೂ ವ್ಯರ್ಥವೇ.

‘ಐದು ಪಟ್ಟು ಪಾಯಿಂಟ್’ ಎಂಬ ಫಲಕ ಕಂಡಾಗಲೂ ಇದೇ ಲೆಕ್ಕ ಹಾಕಿ. ಮೇಲಿನ ಯೋಜನೆಯಲ್ಲಿ 25 ಪೈಸೆಯ ಐದು ಪಟ್ಟು ಅಂದರೆ ನೂರಕ್ಕೆ ಒಂದೂಕಾಲು ರೂಪಾಯಿ. ಒಳ್ಳೆಯದೇ, ಆದರೆ ಫಲಕ ಕೂಗಿ ಹೇಳುವಷ್ಟು ದೊಡ್ಡದಲ್ಲ.

ಇಲ್ಲಿ ಕಾಣದೆ ಉಳಿಯುವ ಇನ್ನೊಂದು ಸೋರಿಕೆಯೂ ಉಂಟು. ಪೂರ್ತಿ ನೂರು ರೂಪಾಯಿಗೆ ಮಾತ್ರ ಪಾಯಿಂಟ್ ಕೊಡುವ ಯೋಜನೆಯಲ್ಲಿ ₹ 199ರ ನಾಲ್ಕು ಬಿಲ್ಲು ಮಾಡಿಸಿದರೆ 4 ಪಾಯಿಂಟ್ ಸಿಗುತ್ತದೆ. ಅದೇ ₹ 796 ಒಂದೇ ಬಿಲ್ಲಿನಲ್ಲಿದ್ದರೆ 7. ಆದ್ದರಿಂದ ಚಿಕ್ಕಪುಟ್ಟ ಖರೀದಿಗಳನ್ನು ಒಟ್ಟುಗೂಡಿಸಿ. ಅಲ್ಲದೆ ರಿಯಾಯಿತಿ ದರದ ಸಾಮಾನು, ಗಿಫ್ಟ್ ವೋಚರ್, ತಂಬಾಕು ಮುಂತಾದವನ್ನು ಪಾಯಿಂಟಿನ ಲೆಕ್ಕದಿಂದ ಹೊರಗಿಡುವ ನಿಯಮ ಅನೇಕ ಯೋಜನೆಗಳಲ್ಲಿ ಇರುತ್ತದೆ. ನಿಮ್ಮ ಬಿಲ್ಲಿನ ಮೊತ್ತಕ್ಕೂ ಬಂದ ಪಾಯಿಂಟಿಗೂ ತಾಳೆಯಾಗದಿದ್ದರೆ ಕಾರಣ ಹೆಚ್ಚಾಗಿ ಇದೇ.

ಹಂತ 4: ಯೋಜನೆ ಯಾವ ಜಾತಿಯದು ಎಂದು ಗುರುತಿಸಿ

ನಮ್ಮ ಭಾಗದ ಅಂಗಡಿಗಳನ್ನು ನೋಡಿದರೆ ನಾಲ್ಕು ಬಗೆ ಕಾಣುತ್ತದೆ.

ಮೊದಲನೆಯದು ಪಾಯಿಂಟೇ ಇಲ್ಲದ ಅಂಗಡಿ. 2002ರಲ್ಲಿ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆದ ಡಿಮಾರ್ಟ್ ಲಾಯಲ್ಟಿ ಕಾರ್ಡಿನ ಗೊಡವೆಗೆ ಹೋಗದೆ, ದಿನನಿತ್ಯದ ಬೆಲೆಯನ್ನೇ ತಗ್ಗಿಸಿಡುವ ಪದ್ಧತಿಯಿಂದ ಬೆಳೆದಿದೆ. ಹೋಲಿಕೆಗೆ ಇಂಥ ಅಂಗಡಿಯ ಬೆಲೆಯೇ ಅಳತೆಗೋಲಾಗಲಿ. ಉಳಿದ ಯಾವುದೇ ಯೋಜನೆ, ಪಾಯಿಂಟ್ ಕಳೆದ ಮೇಲೆ, ಈ ಬೆಲೆಗಿಂತ ಕೆಳಗೆ ಇಳಿಯುತ್ತದೆಯೇ ಎಂಬುದೇ ಪ್ರಶ್ನೆ. ಗರ್ದಿಯಲ್ಲಿ ಬಿಲ್ಲಿಗಾಗಿ ಕಾಯುವ ಸಮಯಕ್ಕೆ ಎಷ್ಟು ಬೆಲೆ ಕಟ್ಟುತ್ತೀರಿ ಎಂಬುದು ನಿಮಗೆ ಬಿಟ್ಟದ್ದು.

ಎರಡನೆಯದು ಒಂದು ಉದ್ಯಮ ಸಮೂಹದ ಹಲವು ಅಂಗಡಿಗಳಲ್ಲಿ ನಡೆಯುವ ಪಾಯಿಂಟ್. ರಿಲಯನ್ಸ್‌ನ ದಿನಸಿ, ಬಟ್ಟೆ, ಎಲೆಕ್ಟ್ರಾನಿಕ್ಸ್ ಮಳಿಗೆಗಳಿಗೆ ರಿಲಯನ್ಸ್‌ವನ್ ಇದೆ. 2022ರ ಏಪ್ರಿಲ್‌ನಲ್ಲಿ ಆರಂಭವಾದ ಟಾಟಾ ನ್ಯೂ ಆ್ಯಪ್‌ನ ನ್ಯೂಕಾಯಿನ್ ಎಂಬ ಪಾಯಿಂಟ್ ಬಿಗ್‌ಬ್ಯಾಸ್ಕೆಟ್, ಕ್ರೋಮಾ, ವೆಸ್ಟ್‌ಸೈಡ್ ಮುಂತಾದ ಕಡೆಗಳಿಗೆ ಸೇರಿದ್ದು, ಒಂದು ನ್ಯೂಕಾಯಿನ್‌ಗೆ ಒಂದು ರೂಪಾಯಿ ಎಂಬ ಲೆಕ್ಕವಿರುವುದರಿಂದ ಗುಣಾಕಾರದ ಕಷ್ಟವಿಲ್ಲ. ಇಂಥ ಯೋಜನೆಗಳ ನಿಜವಾದ ಲಾಭ ದಿನಸಿಯಲ್ಲಿಲ್ಲ. ಫ್ರಿಜ್ಜು, ಮೊಬೈಲು, ಮದುವೆಯ ಬಟ್ಟೆಯಂಥ ದೊಡ್ಡ ಖರೀದಿಯ ಪಾಯಿಂಟನ್ನು ಬೇಳೆ ಸಕ್ಕರೆಗೆ ಬಳಸಿಕೊಳ್ಳುವುದರಲ್ಲಿದೆ. ಹಾಗಾಗಿ ದೊಡ್ಡ ಖರೀದಿಯ ದಿನ ಬಿಲ್ಲಿಗೆ ಮೊಬೈಲ್ ನಂಬರ್ ಸೇರಿತೇ ಎಂದು ಎರಡು ಸಲ ನೋಡಿ.

ಮೂರನೆಯದು ಹಣ ಕೊಟ್ಟು ಪಡೆಯುವ ಸದಸ್ಯತ್ವ. ಅದನ್ನು ಆರನೆಯ ಹಂತದಲ್ಲಿ ನೋಡೋಣ.

ನಾಲ್ಕನೆಯದನ್ನು ಲಾಯಲ್ಟಿ ಯೋಜನೆ ಎಂದು ಯಾರೂ ಕರೆಯುವುದಿಲ್ಲ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಹಳೆಯ, ನೇರವಾದ ಯೋಜನೆ ಅದು: ಸಹಕಾರಿ ಭಂಡಾರ. ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 1844ರಲ್ಲಿ ಶುರುವಾದ ಸಹಕಾರಿ ಅಂಗಡಿ, ಸದಸ್ಯರು ಎಷ್ಟು ಕೊಂಡರೋ ಅದಕ್ಕೆ ತಕ್ಕಂತೆ ಲಾಭವನ್ನು ಅವರಿಗೇ ಹಂಚುತ್ತಿತ್ತು. ಇಂದಿನ ಪಾಯಿಂಟಿನ ಮುತ್ತಜ್ಜ ಇದೇ ಎನ್ನಬಹುದು. ಮುಂಬಯಿಯ ನಾಯಗಾಂವ್‌ನಲ್ಲಿ 1948ರಲ್ಲಿ ಹುಟ್ಟಿದ ಅಪ್ನಾ ಬಜಾರ್, ಫೋಂಡಾದ ಗೋವಾ ಬಾಗಾಯತ್‌ದಾರ್ ಸಂಸ್ಥೆಯ ಬಜಾರುಗಳು ಇದೇ ಸಹಕಾರಿ ತತ್ತ್ವದವು. 1975ರಲ್ಲಿ ಸ್ಥಾಪನೆಯಾದ ಮುಂಬಯಿ ಗ್ರಾಹಕ ಪಂಚಾಯತ್‌ನಲ್ಲಂತೂ ಅಂಗಡಿಯೇ ಇಲ್ಲ. ಅಕ್ಕಪಕ್ಕದ ಕುಟುಂಬಗಳು ಸಂಘ ಕಟ್ಟಿಕೊಂಡು ತಿಂಗಳ ಪಟ್ಟಿಯನ್ನು ಮುಂಚಿತವಾಗಿ ಕೊಡುತ್ತವೆ. ಸಾಮಾನು ಸಗಟಾಗಿ ಬಂದು ಹಂಚಿಕೆಯಾಗುತ್ತದೆ. ಹಂಚುವ ದಿನ ಒಬ್ಬರಾದರೂ ಕೈಜೋಡಿಸಬೇಕು ಎಂಬುದನ್ನು ತೊಂದರೆ ಎನ್ನುವವರಿಗೆ ಇದು ಹೊಂದಲಾರದು. ನಿಮ್ಮ ಸೊಸೈಟಿಯಲ್ಲಿ ಆಗಲೇ ಒಂದು ಸಂಘವಿದ್ದರೆ ವಿಚಾರಿಸಿ ನೋಡಿ.

ಹಂತ 5: ಕೂಪನ್ನಿನ ಲೆಕ್ಕವನ್ನು ಬಿಡಿಸಿ ನೋಡಿ

‘₹ 3,000 ಖರೀದಿಗೆ ₹ 300ರ ಕೂಪನ್’ ಎಂದರೆ ಶೇಕಡ 10 ರಿಯಾಯಿತಿ ಎಂದು ಮನಸ್ಸು ತಕ್ಷಣ ಲೆಕ್ಕ ಹಾಕಿಬಿಡುತ್ತದೆ. ಆದರೆ ಆ ಕೂಪನ್ನು ಮುಂದಿನ ₹ 3,000 ಖರೀದಿಯ ಮೇಲೆ ಮಾತ್ರ ನಡೆಯುವುದಾದರೆ, ₹ 6,000ಕ್ಕೆ ₹ 300 ಸಿಕ್ಕಿತು, ಅಂದರೆ ಶೇಕಡ 5. ಕೂಪನ್ನಿನ ವಾಯಿದೆ ಹದಿನೈದು ದಿನವಾಗಿದ್ದು, ನಿಮ್ಮ ತಿಂಗಳ ಅಗತ್ಯವೇ ₹ 4,500 ಆಗಿದ್ದರೆ, ₹ 300 ಪಡೆಯಲು ₹ 1,500ರ ಬೇಡದ ಸಾಮಾನು ಕೊಳ್ಳಬೇಕಾಗುತ್ತದೆ. ಗಣೇಶ ಚತುರ್ಥಿಯ ಮುಂಚೆ, ದೀಪಾವಳಿಗೆ, ಜನವರಿ 26 ಹಾಗೂ ಆಗಸ್ಟ್ 15ರ ಸುತ್ತಮುತ್ತ ಇಂಥವು ಹೆಚ್ಚು. ಹಾಳಾಗದ ಸಾಮಾನು, ಎಂದರೆ ಸೋಪು, ಡಿಟರ್ಜೆಂಟ್, ಟೂತ್‌ಪೇಸ್ಟ್‌ನಂಥವನ್ನು ಆಗ ಎರಡು ಮೂರು ತಿಂಗಳಿಗೆ ತಂದಿಟ್ಟುಕೊಂಡರೆ ಕೂಪನ್ನು ಸಾರ್ಥಕ. ಗೋಧಿ ಹಿಟ್ಟು, ರವೆಗಳನ್ನು ಹಾಗೆ ಕೂಡಿಡಬೇಡಿ. ಈ ಕಡಲ ತೀರದ ಮಳೆಗಾಲದಲ್ಲಿ ಹುಳುಗಳಿಗೆ ಅದೇ ಲಾಯಲ್ಟಿ ಯೋಜನೆಯಾಗುತ್ತದೆ.

ಹಂತ 6: ಹಣ ಕೊಡುವ ಸದಸ್ಯತ್ವಕ್ಕೆ ಆರ್ಡರ್ ಎಣಿಸಿ

ಮನೆಗೆ ತಂದುಕೊಡುವ ಆ್ಯಪ್‌ಗಳ ಸದಸ್ಯತ್ವದಲ್ಲಿ ಮುಖ್ಯವಾಗಿ ಸಿಗುವುದು ಡೆಲಿವರಿ ಶುಲ್ಕದ ಮನ್ನಾ. ಉದಾಹರಣೆಗೆ ಮೂರು ತಿಂಗಳಿಗೆ ₹ 299 ಶುಲ್ಕವಿದ್ದು, ಒಂದು ಡೆಲಿವರಿಗೆ ₹ 25 ಆಗುವುದಾದರೆ, ಹನ್ನೆರಡು ಆರ್ಡರಿಗೆ ಹಾಕಿದ ಹಣ ಹುಟ್ಟುತ್ತದೆ. ಅಂದರೆ ತಿಂಗಳಿಗೆ ನಾಲ್ಕು. ಹಳೆಯ ಆರ್ಡರುಗಳ ಪಟ್ಟಿ ಆ್ಯಪ್‌ನಲ್ಲೇ ಇರುತ್ತದೆ, ಎಣಿಸಿ ನೋಡಿ. ನಿಮ್ಮದು ಎರಡೇ ಆರ್ಡರಾಗಿದ್ದರೆ, ಶುಲ್ಕ ಕೊಟ್ಟ ಮೇಲೆ ಅದು ಎಂಟಕ್ಕೆ ಏರುವುದು ಉಳಿತಾಯದ ಲಕ್ಷಣವಲ್ಲ. ಹ್ಯಾಂಡ್ಲಿಂಗ್ ಶುಲ್ಕ, ಸಣ್ಣ ಆರ್ಡರಿನ ಶುಲ್ಕ ಮುಂತಾದವು ಸದಸ್ಯತ್ವದಲ್ಲಿ ಮನ್ನಾ ಆಗುತ್ತವೆಯೇ, ಉಚಿತ ಡೆಲಿವರಿಗೆ ಕನಿಷ್ಠ ಮೊತ್ತವೆಷ್ಟು ಎಂಬುದನ್ನು ಮೊದಲೇ ಓದಿ. ತಾನಾಗಿಯೇ ನವೀಕರಣವಾಗುವ ಆಯ್ಕೆಯನ್ನು ಸೇರಿದ ದಿನವೇ ರದ್ದುಮಾಡಿಬಿಡಿ.

ಹಂತ 7: ಕ್ರೆಡಿಟ್ ಕಾರ್ಡನ್ನು ಜೋಡಿಸುವುದಾದರೆ

ಅಂಗಡಿಯ ಪಾಯಿಂಟಿನ ಮೇಲೆ ಬ್ಯಾಂಕಿನ ಪಾಯಿಂಟನ್ನೂ ಒಂದೇ ಬಿಲ್ಲಿನಲ್ಲಿ ಪಡೆಯಬಹುದು. ಟಾಟಾ ನ್ಯೂ ಹೆಸರಿನ ಎಚ್‌ಡಿಎಫ್‌ಸಿ ಕಾರ್ಡುಗಳಲ್ಲಿ ಟಾಟಾ ಬ್ರ್ಯಾಂಡುಗಳ ಖರೀದಿಗೆ ಪ್ಲಸ್ ಕಾರ್ಡಿನಲ್ಲಿ ಶೇಕಡ 2, ಇನ್ಫಿನಿಟಿ ಕಾರ್ಡಿನಲ್ಲಿ ಶೇಕಡ 5 ನ್ಯೂಕಾಯಿನ್ ಕೊಡುವ ವ್ಯವಸ್ಥೆ ಇಂಥದ್ದು. ಆದರೆ ದಿನಸಿ ಖರ್ಚಿನ ಪಾಯಿಂಟಿಗೆ ಬ್ಯಾಂಕುಗಳು ತಿಂಗಳ ಮಿತಿ ಹಾಕುತ್ತವೆ, ವಾರ್ಷಿಕ ಶುಲ್ಕವೂ ಇರುತ್ತದೆ. ಬಿಲ್ಲನ್ನು ಪೂರ್ತಿ ಕಟ್ಟದೆ ಬಾಕಿ ಉಳಿಸುವ ಅಭ್ಯಾಸವಿದ್ದರೆ ಈ ಹಂತವನ್ನೇ ಬಿಟ್ಟುಬಿಡಿ. ತಿಂಗಳಿಗೆ ಶೇಕಡ 3.5ರ ಆಸುಪಾಸಿನ ಬಡ್ಡಿಯ ಎದುರು ಯಾವ ಪಾಯಿಂಟೂ ನಿಲ್ಲುವುದಿಲ್ಲ.

ಹಂತ 8: ನೋಂದಣಿ ಮಾಡುವಾಗ

ಮನೆಗೆಲ್ಲ ಒಂದೇ ನಂಬರ್ ಇರಲಿ. ಒಂದು ಅಂಗಡಿಯಲ್ಲಿ ನನ್ನ ನಂಬರಿಗೂ ಅತ್ತೆಯವರ ನಂಬರಿಗೂ ಪಾಯಿಂಟ್ ಹಂಚಿಹೋಗಿ, ಎರಡೂ ಖಾತೆಗಳು ಕನಿಷ್ಠ ಮಿತಿಯನ್ನು ಮುಟ್ಟದೆ, ವಾಯಿದೆ ಮುಗಿದು ಸೊನ್ನೆಯಾದವು. ಪಾಯಿಂಟ್ ಬಳಸಲು ಒಟಿಪಿ ಬೇಕಾಗುವುದರಿಂದ, ಅಂಗಡಿಗೆ ಹೋಗುವವರ ಕೈಯಲ್ಲಿರುವ ಫೋನಿನ ನಂಬರನ್ನೇ ಕೊಡಿ. ಇಲ್ಲದಿದ್ದರೆ ಹಿಂದೆ ಹತ್ತು ಜನ ನಿಂತಿರುವಾಗ ಮನೆಗೆ ಫೋನು ಹಚ್ಚಿ ‘ಆರು ಅಂಕಿ ಓದಿ ಹೇಳು’ ಎನ್ನಬೇಕಾಗುತ್ತದೆ.

ನಂಬರ್ ಕೊಡುವುದು ಕಡ್ಡಾಯವೇನಲ್ಲ. ಗ್ರಾಹಕರ ಮೊಬೈಲ್ ನಂಬರಿಗಾಗಿ ಅಂಗಡಿಯವರು ಒತ್ತಾಯ ಮಾಡಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಸೂಚನೆ ನೀಡಿದೆ. ಪಾಯಿಂಟ್ ಬೇಡವಾದರೆ ‘ನಂಬರ್ ಹಾಕಬೇಡಿ, ಬಿಲ್ ಮಾಡಿ’ ಎಂದು ಹೇಳಿದರೆ ಸಾಕು. ಕೊಡುವುದಾದರೂ ಸಾಲಿನಲ್ಲಿ ಕೂಗಿ ಹೇಳದೆ, ಕೀಪ್ಯಾಡ್ ಇದ್ದಲ್ಲಿ ನೀವೇ ಒತ್ತಿ. ಹುಟ್ಟಿದ ದಿನ, ಮದುವೆಯ ದಿನ, ಆದಾಯ ಕೇಳುವ ಅಂಕಣಗಳನ್ನು ಖಾಲಿ ಬಿಡಬಹುದು.

‘ನಿಮ್ಮ ಪಾಯಿಂಟುಗಳು ಇಂದು ರಾತ್ರಿ ಮುಗಿಯುತ್ತವೆ, ಈ ಲಿಂಕ್ ಒತ್ತಿ’ ಎಂಬ ಸಂದೇಶ ಬಂದರೆ ಒತ್ತಬೇಡಿ. ಅಂಗಡಿಯ ಆ್ಯಪ್ ತೆರೆದು ಅಲ್ಲಿಯೇ ನೋಡಿ. ಮೋಸಕ್ಕೆ ಒಳಗಾಗಿ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 9: ಕೂಡಿಡಬೇಡಿ, ಬಳಸಿ

ಪಾಯಿಂಟ್ ಎಂದರೆ ಬ್ಯಾಂಕಿನ ಠೇವಣಿಯಲ್ಲ. ಅದಕ್ಕೆ ಬಡ್ಡಿ ಬರುವುದಿಲ್ಲ, ಮೌಲ್ಯವನ್ನು ಇಳಿಸುವ ಅಧಿಕಾರವನ್ನು ಕಂಪನಿ ನಿಯಮಗಳಲ್ಲಿ ತನ್ನ ಬಳಿಯೇ ಇಟ್ಟುಕೊಂಡಿರುತ್ತದೆ, ಯೋಜನೆಯೇ ಕೈ ಬದಲಾಗುವುದೂ ಉಂಟು. ಐ-ಮಿಂಟ್ ಎಂಬ ಹೆಸರಿನಲ್ಲಿ ಶುರುವಾದ ಯೋಜನೆ ಮುಂದೆ ಪೇಬ್ಯಾಕ್ ಆಯಿತು, 2021ರಲ್ಲಿ ಭಾರತ್‌ಪೇ ಅದನ್ನು ಕೊಂಡಿತು, ಬಳಿಕ ಜಿಲಿಯನ್ ಎಂದು ಹೆಸರು ಬದಲಾಯಿತು. ಪೇಬ್ಯಾಕ್ ಪಾಯಿಂಟ್ ನಡೆಯುತ್ತಿದ್ದ ಬಿಗ್ ಬಜಾರ್ ಮಳಿಗೆಗಳು 2022ರಲ್ಲಿ ಬಾಗಿಲು ಮುಚ್ಚಿದವು. ಆದ್ದರಿಂದ ಕನಿಷ್ಠ ಮಿತಿ ಮುಟ್ಟಿದ ಕೂಡಲೇ, ಆ ದಿನದ ಬಿಲ್ಲಿನಲ್ಲೇ ಕಳೆಯಿರಿ. ‘ಮಿಕ್ಸಿಗೆ ಆಗುವಷ್ಟು ಸೇರಲಿ’ ಎಂದು ಕಾಯಬೇಡಿ. ಪಾಯಿಂಟಿಗೆ ಬದಲಾಗಿ ಕೊಡುವ ವಸ್ತುಗಳ ಪಟ್ಟಿಯಲ್ಲಿ ಆ ಮಿಕ್ಸಿಯ ಬೆಲೆಯನ್ನು ಎಂಆರ್‌ಪಿಯಲ್ಲಿ ಹಿಡಿದಿರುತ್ತಾರೆ, ಹೊರಗೆ ಅದು ಅದಕ್ಕಿಂತ ಕಡಿಮೆಗೆ ಸಿಗುತ್ತದೆ.

ಹಂತ 10: ಲೆಕ್ಕ ತಪ್ಪಿದರೆ

ಪಾಯಿಂಟ್ ಬರದಿದ್ದರೆ ಅಥವಾ ಬಂದದ್ದು ಮಾಯವಾದರೆ, ಬಿಲ್ಲಿನ ಫೋಟೋದೊಂದಿಗೆ ಮೊದಲು ಅಂಗಡಿಯ ಗ್ರಾಹಕ ಸೇವೆಗೆ ಬರೆದು, ದೂರಿನ ಸಂಖ್ಯೆ ಪಡೆಯಿರಿ. ಕೌಂಟರಿನ ಹುಡುಗನೊಡನೆ ವಾದಿಸಿ ಪ್ರಯೋಜನವಿಲ್ಲ. ಖಾತೆಯನ್ನು ಸರಿಪಡಿಸುವ ಅಧಿಕಾರ ಅವನಿಗಿರುವುದಿಲ್ಲ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮರಾಠಿ, ಹಿಂದಿಗಳಲ್ಲಿ ತಡವರಿಸುವ ಹಿರಿಯರು ಮನೆಯಲ್ಲಿದ್ದರೆ ಅವರಿಗೂ ತಿಳಿಸಿ: ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಕರೆ ಮಾಡುವಾಗ ಬಿಲ್ಲಿನ ಸಂಖ್ಯೆ, ದಿನಾಂಕ, ಮೊತ್ತ, ಅಂಗಡಿಗೆ ಕೊಟ್ಟ ದೂರಿನ ಸಂಖ್ಯೆ ಇವು ನಾಲ್ಕೂ ಎದುರಿಗಿರಲಿ.